ಕಡಲೇ ಬಾರಿಸುವ ಗಂಟೆ

ಮಳೆಗಾಲದ ಸಂಜೆ, ಗುಡ್ಡಕ್ಕೆ ಮೇಯಲು ಬಿಟ್ಟ ದನವನ್ನು ಹುಡುಕಿಕೊಂಡು ಹೋದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಮಂಜು ಮುಸುಕಿ ಹತ್ತು ಮಾರು ಆಚೆಗಿನ ಮರವೂ ಕಾಣದಿರುವಾಗ ಕಣ್ಣನ್ನು ನಂಬಿ ಪ್ರಯೋಜನವಿಲ್ಲ. ದನದ ಕೊರಳ ಗಂಟೆಯೊಂದೇ ದಾರಿ ಹೇಳುತ್ತದೆ. ಆ ಗಂಟೆಯನ್ನು ಯಾರೂ ಬಾರಿಸುವುದಿಲ್ಲ. ದನ ಕತ್ತು ಆಡಿಸಿದರೆ ಅದು ತಾನಾಗಿ ನುಡಿಯುತ್ತದೆ, ದನ ಸುಮ್ಮನೆ ನಿಂತರೆ ಅದೂ ಸುಮ್ಮನಾಗುತ್ತದೆ. ಹಾಗೆಂದು ಗಂಟೆ ಕೇಳಿಸಲಿಲ್ಲವೆಂಬ ಕಾರಣಕ್ಕೆ ಗುಡ್ಡದಲ್ಲಿ ದನವೇ ಇಲ್ಲವೆಂದು ಹಟ್ಟಿಗೆ ಮರಳುವವರು ಯಾರೂ ಇಲ್ಲ.

ಕಡಲಿನಲ್ಲಿಯೂ ಇಂಥ ಗಂಟೆಗಳಿವೆ. ನೀರಿನಡಿಯ ಬಂಡೆ, ಮರಳ ದಿಣ್ಣೆ, ಕಿರಿದಾದ ಬಂದರು ದಾರಿ ಮುಂತಾದ ಅಪಾಯದ ಎಡೆಗಳಲ್ಲಿ ಅವು ಹಗಲಿರುಳೂ ತೇಲುತ್ತ, ಅಲೆ ಎದ್ದಾಗಲೆಲ್ಲ ನುಡಿಯುತ್ತ, 'ಇತ್ತ ಬರಬೇಡಿ' ಎಂದು ಹಡಗುಗಳಿಗೆ ಸಾರುತ್ತಿವೆ. ಅವಕ್ಕೆ ಕಾವಲುಗಾರನಿಲ್ಲ, ಎಣ್ಣೆ, ಕಲ್ಲಿದ್ದಲು, ವಿದ್ಯುತ್ತು ಯಾವುದೂ ಬೇಡ. ಬಾರಿಸುವವನು ಕಡಲೇ. ಸುಮಾರು ಒಂದೂವರೆ ಶತಮಾನಕ್ಕೂ ಮೀರಿದ ಸೇವೆಯ ಬಳಿಕ ಈಗ ಇವುಗಳಲ್ಲಿ ಕೆಲವು ಇನ್ನು ಬೇಕೇ, ಬೇಡವೇ ಎಂಬ ಪ್ರಶ್ನೆ ಎದ್ದಿದೆ. ಆದುದರಿಂದ ಈ ಮೂಕಸೇವಕರ ವೃತ್ತಾಂತವನ್ನು (ಮೂಕವೆನ್ನುವುದು ಇಲ್ಲಿ ಒಪ್ಪದ ಮಾತಾದರೂ) ನಮ್ಮ ವಾಚಕರ ಮುಂದಿಡುವುದು ಸಮಯೋಚಿತವೆಂದು ಭಾವಿಸುತ್ತೇವೆ.

ಇಂಚ್‌ಕೇಪ್ ಬಂಡೆಯ ಐತಿಹ್ಯ

ಕಡಲ ಗಂಟೆ ಎಂದೊಡನೆ ಹಿಂದಿನ ಕಾಲದಲ್ಲಿ ಇಂಗ್ಲಿಷ್ ಓದಿದವರಿಗೆ ಇಂಚ್‌ಕೇಪ್ ಬಂಡೆಯ ನೆನಪಾದೀತು. ಸ್ಕಾಟ್‌ಲೆಂಡಿನ ಪೂರ್ವ ಕರಾವಳಿಯಲ್ಲಿ ಆರ್‌ಬ್ರೋತ್ ಎಂಬ ಊರಿದೆ. ಅಲ್ಲಿಂದ ಸುಮಾರು 18 ಕಿಲೋಮೀಟರ್ ದೂರದಲ್ಲಿ, ಕಡಲ ನಡುವೆ ಒಂದು ಉದ್ದನೆಯ ಬಂಡೆ ಇದೆ. ಇಳಿತದ ಹೊತ್ತಿನಲ್ಲಿ ಅದು ತಲೆ ತೋರಿಸುತ್ತದೆ, ಭರತದಲ್ಲಿ ಪೂರ್ತಿಯಾಗಿ ಮುಳುಗಿ ಹೋಗುತ್ತದೆ. ಕಾಣುವ ಬಂಡೆಯಿಂದ ದೂರ ಸರಿಯಬಹುದು. ಮುಳುಗಿದ ಬಂಡೆಯನ್ನು ಅರಿಯುವುದು ಹೇಗೆ? ಆರ್‌ಬ್ರೋತಿನ ಮಠಾಧಿಪತಿಯೊಬ್ಬರು ಆ ಬಂಡೆಯ ಮೇಲೆ ತೇಲುವ ಗಂಟೆಯೊಂದನ್ನು ಕಟ್ಟಿಸಿದ್ದರೆಂದೂ, ಕಡಲ್ಗಳ್ಳನೊಬ್ಬ ಅದನ್ನು ಕಡಿದು ಹಾಕಿದನೆಂದೂ, ಮುಂದೊಂದು ದಿನ ಮಂಜು ಕವಿದಾಗ ಅದೇ ಬಂಡೆಗೆ ಬಡಿದು ಅವನ ಹಡಗೇ ಮುಳುಗಿತೆಂದೂ ಐತಿಹ್ಯ ಹೇಳುತ್ತದೆ. ಕವಿ ರಾಬರ್ಟ್ ಸದೆ ಇದನ್ನು ಕಥನಕವನವಾಗಿಸಿದ ಮೇಲೆ ಆ ಬಂಡೆ ಲೋಕಪ್ರಸಿದ್ಧವಾಯಿತು.

ಕತೆ ಎಷ್ಟರಮಟ್ಟಿಗೆ ನಿಜವೋ, ಬಂಡೆಯಂತೂ ನಿಜ. ಅಲ್ಲಿ ಒಡೆದ ಹಡಗುಗಳೂ ನಿಜ. ಕಡೆಗೆ ರಾಬರ್ಟ್ ಸ್ಟೀವನ್‌ಸನ್ ಎಂಬ ಎಂಜಿನಿಯರನ ಮೇಲ್ವಿಚಾರಣೆಯಲ್ಲಿ, ಇಳಿತದ ಕೆಲವೇ ಗಂಟೆಗಳಷ್ಟು ಬಿಡುವನ್ನು ಬಳಸಿಕೊಂಡು, ಆ ಬಂಡೆಯ ಮೇಲೆಯೇ ಕಲ್ಲಿನ ದೀಪಸ್ತಂಭ ಎದ್ದಿತು. 1811ರ ಫೆಬ್ರವರಿ 1ರಂದು ಅದರ ದೀಪ ಬೆಳಗಿತು. 'ನಿಧಿ ದ್ವೀಪ'ದ ಕತೆ ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್ ಈತನ ಮೊಮ್ಮಗ. ಆ ದೀಪಸ್ತಂಭದಲ್ಲಿ ದೀಪದ ಜೊತೆಗೆ ದೊಡ್ಡ ಗಂಟೆಗಳನ್ನೂ ಇಟ್ಟಿದ್ದರು. ದೀಪವನ್ನು ತಿರುಗಿಸುವ ಯಂತ್ರವೇ ಮಂಜಿನ ವೇಳೆ ಆ ಗಂಟೆಗಳನ್ನೂ ಬಾರಿಸುತ್ತಿತ್ತು. ಎಷ್ಟೇ ಪ್ರಖರವಾದ ಬೆಳಕೂ ದಟ್ಟ ಮಂಜಿನ ಮುಂದೆ ಸೋಲುತ್ತದೆಂಬ ಸತ್ಯವನ್ನು ಅದನ್ನು ಕಟ್ಟಿದವರು ಬಲ್ಲವರಾಗಿದ್ದರು.

ಆದರೆ ಬಂಡೆಬಂಡೆಗೂ ದೀಪಸ್ತಂಭ ಕಟ್ಟುವುದು ಸಾಧ್ಯವೇ? ಹಣ ಎಲ್ಲಿಂದ ಬರಬೇಕು? ಮರಳ ದಿಣ್ಣೆಯ ಮೇಲಂತೂ ಕಟ್ಟಡ ನಿಲ್ಲುವುದು ಕಷ್ಟ. ಕಾವಲಿಗೆ ಜನರನ್ನು ಇರಿಸಿದರೆ ಅವರ ಅನ್ನ ನೀರಿನ ವ್ಯವಸ್ಥೆ ಬೇರೆ. ಹೀಗಾಗಿ, ಆಳಿಲ್ಲದೆ ತಾನಾಗಿ ನುಡಿಯುವ ಗುರುತೊಂದು ಬೇಕಾಯಿತು.

ಫಿರಂಗಿ ಗುಂಡಿನ ಪೆಟ್ಟು

ಈಜು ಕಲಿಯುವ ಹುಡುಗರ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಕೆರೆಗೆ ಇಳಿಸುವ ಪದ್ಧತಿ ನಮ್ಮಲ್ಲಿ ಇತ್ತು. ಇಂಗ್ಲಿಷಿನಲ್ಲಿ 'ಬಾಯ್' ಎಂದು ಕರೆಯುವ ಕಡಲ ಗುರುತು ಮೂಲತಃ ಅಂಥದೇ ಒಂದು ತೇಲುಬುರುಡೆ. ಒಳಗೆ ಗಾಳಿ ತುಂಬಿದ ಕಬ್ಬಿಣದ ದೊಡ್ಡ ಡೋಲು. ಅದಕ್ಕೆ ಬಿಗಿದ ದಪ್ಪ ಸರಪಳಿ. ಸರಪಳಿಯ ತುದಿಯಲ್ಲಿ, ಕಡಲ ತಳದಲ್ಲಿ ಕುಳಿತ ಭಾರವಾದ ಗುಂಡು. ಸರಪಳಿಯನ್ನು ನೀರಿನ ಆಳಕ್ಕಿಂತ ಉದ್ದವಾಗಿಯೇ ಬಿಡುತ್ತಾರೆ. ಇಲ್ಲದಿದ್ದರೆ ಭರತ ಏರಿದಾಗ ಬುರುಡೆ ಮುಳುಗೀತು, ಇಲ್ಲವೇ ಸರಪಳಿ ಕಡಿದೀತು.

ಇದರ ಮೇಲೆ ಗಂಟೆ ಕೂರಿಸುವ ಏರ್ಪಾಡು ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಬಳಕೆಗೆ ಬಂತು. ಅಲ್ಲಿನ ದೀಪಸ್ತಂಭ ಇಲಾಖೆಯ ಬ್ರೌನ್ ಎಂಬ ಅಧಿಕಾರಿ ರೂಪಿಸಿದ ಮಾದರಿ ಬಹಳ ಸರಳ. ಬುರುಡೆಯ ಮೇಲೆ 9 ಅಡಿ ಎತ್ತರದ ಕಬ್ಬಿಣದ ಚೌಕಟ್ಟು, ಅದಕ್ಕೆ ಅಲುಗಾಡದಂತೆ ಬಿಗಿದ 300 ಪೌಂಡು ತೂಕದ ಗಂಟೆ. ಗಂಟೆಯ ಬಾಯಿಯ ಕೆಳಗೆ, ನಡುವಿನಿಂದ ಅಂಚಿನ ಕಡೆಗೆ ಗೀರು ತೋಡಿದ ಒಂದು ತಟ್ಟೆ. ಆ ತಟ್ಟೆಯ ಮೇಲೆ ಒಂದು ಸಣ್ಣ ಫಿರಂಗಿ ಗುಂಡು! ಬುರುಡೆ ಯಾವ ಕಡೆಗೆ ವಾಲಿದರೂ ಗುಂಡು ಆ ಕಡೆಯ ಗೀರಿನಲ್ಲಿ ಉರುಳಿ ಗಂಟೆಗೆ ಬಡಿಯುತ್ತದೆ. ಹಡಗನ್ನು ಮುಳುಗಿಸಲೆಂದು ಹುಟ್ಟಿದ ಗುಂಡು ಹಡಗನ್ನು ಉಳಿಸುವ ಕೆಲಸಕ್ಕೆ ಬಿದ್ದ ವಿಚಿತ್ರವಿದು.

ಮುಂದೆ ಗುಂಡಿನ ಬದಲು ಸುತ್ತಿಗೆಗಳು ಬಂದವು. ಈಗಿನ ಗಂಟೆ ಬುರುಡೆಯಲ್ಲಿ ದೇವಸ್ಥಾನದ ಗಂಟೆಯಂತೆ ಒಳಗೆ ನಾಲಿಗೆ ಇರುವುದಿಲ್ಲ. ಹೊರಗೆ ಸುತ್ತಲೂ ತೂಗುಬಿದ್ದ ನಾಲ್ಕು ಸುತ್ತಿಗೆಗಳಿರುತ್ತವೆ. ಅಲೆ ಯಾವ ದಿಕ್ಕಿನಿಂದ ಬಂದರೂ ಒಂದಲ್ಲ ಒಂದು ಸುತ್ತಿಗೆ ಹೊಡೆಯಲೇಬೇಕು. ನಾಲಿಗೆ ಒಂದೇ ಇದ್ದರೆ ಬುರುಡೆಯೂ ನಾಲಿಗೆಯೂ ಒಟ್ಟಿಗೆ ತೂಗಿ, ಒಂದಕ್ಕೊಂದು ತಾಗದೆ ಹೋಗುವ ಸಂಭವವಿದೆ. ನಾಲ್ಕು ಕಡೆ ನಾಲ್ಕು ಸುತ್ತಿಗೆ ಇಟ್ಟ ಮೇಲೆ ಆ ಚಿಂತೆ ಉಳಿಯಲಿಲ್ಲ.

1920ರ ದಶಕದಲ್ಲಿ ಗಂಟೆಯ ಜೊತೆಗೆ ಜಾಗಟೆಯೂ ಸೇರಿತು. ಒಂದರ ಮೇಲೊಂದರಂತೆ ಮೂರೋ ನಾಲ್ಕೋ ಜಾಗಟೆಗಳು, ಒಂದೊಂದಕ್ಕೂ ಬೇರೆ ಸ್ವರ, ಬೇರೆ ಸುತ್ತಿಗೆ. ಗಂಟೆ ಒಂದೇ ಸ್ವರದಲ್ಲಿ ನುಡಿದರೆ ಜಾಗಟೆ ಬುರುಡೆ ಹಲವು ಸ್ವರಗಳಲ್ಲಿ ನುಡಿಯುತ್ತದೆ. ಇದು ಸಂಗೀತದ ಆಸೆಯಿಂದ ಮಾಡಿದ್ದಲ್ಲ. ಹತ್ತಿರ ಹತ್ತಿರ ಎರಡು ಗಂಟೆಗಳಿದ್ದರೆ ಮಂಜಿನಲ್ಲಿ ಕೇಳಿದ್ದು ಯಾವುದೆಂದು ಗೊತ್ತಾಗುವುದು ಹೇಗೆ? ಬಂದರು ದಾರಿಯ ಒಂದು ಬದಿಗೆ ಗಂಟೆ, ಇನ್ನೊಂದು ಬದಿಗೆ ಜಾಗಟೆ ಇಟ್ಟರೆ ಕಣ್ಣು ಕಟ್ಟಿದವನೂ ಎಡಬಲ ತಿಳಿದಾನು.

ಕಮ್ಮಾರನ ತಿದಿ

ಇವೆಲ್ಲಕ್ಕಿಂತ ಸೋಜಿಗದ್ದು ಸೀಟಿ ಊದುವ ಬುರುಡೆ. ನ್ಯೂಯಾರ್ಕಿನ ಜೆ. ಎಂ. ಕೋರ್ಟ್ನಿ ಎಂಬಾತ 1870ರ ದಶಕದಲ್ಲಿ ಇದನ್ನು ರೂಪಿಸಿದ. ನೋಡಲು ಅದು ಕಬ್ಬಿಣದ ದೊಡ್ಡ ಪೇರಳೆ ಹಣ್ಣಿನಂತೆ. ಅತ್ಯಂತ ಅಗಲವಾದ ಎಡೆಯಲ್ಲಿ 12 ಅಡಿ. ಮೇಲಿನಿಂದ ಕೆಳಗಿನವರೆಗೆ ಅದರ ನಡುವೆ ಹಾದು ಹೋಗುವ ಒಂದು ಕೊಳವೆ. ಕೊಳವೆಯ ಅಗಲ 33 ಅಂಗುಲ. ನೀರಿನೊಳಗೆ ಅದು 32 ಅಡಿ ಆಳಕ್ಕೆ ಇಳಿದಿರುತ್ತದೆ. ಕೆಳಬಾಯಿ ತೆರೆದಿದೆ, ಮೇಲ್ಬಾಯಿ ಮುಚ್ಚಿದೆ. ಮುಚ್ಚಳದಲ್ಲಿ ಗಾಳಿ ಒಳಬರಲು ಎರಡು ರಂಧ್ರ, ಹೊರಹೋಗಲು ಒಂದು. ಹೊರಹೋಗುವ ರಂಧ್ರದ ಮೇಲೆ ರೈಲು ಎಂಜಿನ್ನಿಗೆ ಹಾಕುವಂಥ 10 ಅಂಗುಲದ ಸೀಟಿ.

ಇದು ಊದುವುದು ಹೇಗೆ? ಅಲೆಯ ಅಬ್ಬರವೆಲ್ಲ ಕಡಲ ಮೇಲ್ಮೈಯದು. ಕೆಳಗಿಳಿದಂತೆ ಅದು ಬೇಗಬೇಗನೆ ತಗ್ಗುತ್ತದೆ. ಒಂದು ಅಲೆಯ ನೆತ್ತಿಯಿಂದ ಮುಂದಿನದರ ನೆತ್ತಿಗೆ ಎಷ್ಟು ದೂರವೋ, ಅದರ ಅರ್ಧದಷ್ಟು ಆಳದಲ್ಲಿ ನೀರು ಬಹುಮಟ್ಟಿಗೆ ನಿಶ್ಚಲ. ಆದುದರಿಂದ ಆಳಕ್ಕೆ ಇಳಿದ ಕೊಳವೆಯೊಳಗಿನ ನೀರು ಹೆಚ್ಚುಕಡಿಮೆ ನಿಂತಲ್ಲೇ ನಿಂತಿರುತ್ತದೆ. ಆದರೆ ಬುರುಡೆ ಅಲೆಯೊಡನೆ ಏರಿಳಿಯುತ್ತದೆ. ಬುರುಡೆ ಏರಿದಾಗ ಕೊಳವೆಯಲ್ಲಿ ಜಾಗ ಹೆಚ್ಚಿ ಹೊರಗಿನ ಗಾಳಿ ಒಳನುಗ್ಗುತ್ತದೆ. ಇಳಿದಾಗ ಆ ಗಾಳಿ ಒತ್ತಲ್ಪಟ್ಟು ಸೀಟಿಯ ಮೂಲಕ ಹೊರಚಿಮ್ಮುತ್ತದೆ. ನಮ್ಮ ಕಮ್ಮಾರಸಾಲೆಯ ತಿದಿಯ ಕೆಲಸವೇ ಇದು. ಒತ್ತುವ ಕೈ ಮಾತ್ರ ಕಡಲಿನದು.

ಅನುಕೂಲವಾದ ಹವೆಯಲ್ಲಿ ಈ ಸೀಟಿ 9 ಮೈಲಿ ದೂರಕ್ಕೆ, ಅಪರೂಪಕ್ಕೆ 15 ಮೈಲಿಯವರೆಗೂ ಕೇಳಿಸಿದ್ದುಂಟೆಂದು ಆ ಕಾಲದ ಬರಹಗಳು ಹೇಳುತ್ತವೆ. ಅಲೆ ದೊಡ್ಡದಾದಷ್ಟೂ ಕೂಗು ಜೋರು. ಎಂದರೆ, ಅಪಾಯ ಹೆಚ್ಚಿದಂತೆ ಎಚ್ಚರಿಕೆಯ ದನಿಯೂ ಹೆಚ್ಚುತ್ತದೆ. ಮನುಷ್ಯ ಮಾಡಿದ ಯಂತ್ರಗಳಲ್ಲಿ ಬಿರುಗಾಳಿ ಬಂದಾಗ ಕೆಡುವಂಥವೇ ಹೆಚ್ಚು. ಬಿರುಗಾಳಿಯಿಂದಲೇ ಬಲ ಪಡೆಯುವಂಥವು ಕಡಿಮೆ.

ತೆರೆದ ಕಡಲಿನಲ್ಲಿ, ದೂರದಿಂದ ಬರುವ ನೀಳ ಅಲೆಗಳು ನಿಲ್ಲದ ಕಡೆಯಲ್ಲಿ ಸೀಟಿ ಬುರುಡೆ ಇಡುತ್ತಾರೆ. ದಡಕ್ಕೆ ಸಮೀಪ, ಚಿಕ್ಕಚಿಕ್ಕ ಅಲೆಗಳಷ್ಟೇ ಇರುವ ಕಡೆ ಗಂಟೆ, ಜಾಗಟೆ ಇಡುತ್ತಾರೆ. ಸೀಟಿಗೆ ಏರಿಳಿತ ಬೇಕು. ಗಂಟೆಗೆ ತೂಗಾಟ ಸಾಕು.

ತಾಳವಿಲ್ಲದ್ದೇ ಗುರುತು

ಮಂಜಿನಲ್ಲಿ ಗಂಟೆ ಬಾರಿಸುವುದು ಬುರುಡೆಗಳು ಮಾತ್ರವಲ್ಲ, ಹಡಗುಗಳೂ ಬಾರಿಸುತ್ತವೆ. ಹಡಗುಗಳ ಡಿಕ್ಕಿ ತಪ್ಪಿಸಲು 1972ರಲ್ಲಿ ರೂಪಿಸಿದ ಅಂತರರಾಷ್ಟ್ರೀಯ ನಿಯಮಾವಳಿಯ ಪ್ರಕಾರ, ಕಣ್ಣಿಗೆ ಏನೂ ಕಾಣದ ವೇಳೆ ಲಂಗರು ಹಾಕಿ ನಿಂತ ಹಡಗು ನಿಮಿಷಕ್ಕೊಮ್ಮೆ ಸುಮಾರು 5 ಸೆಕೆಂಡು ಕಾಲ ಬಿಡದೆ ಗಂಟೆ ಬಾರಿಸಬೇಕು. ಹಡಗಿನ ಉದ್ದ 100 ಮೀಟರ್ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಮುಂದಲೆಯಲ್ಲಿ ಗಂಟೆ, ಅದರ ಬೆನ್ನಿಗೇ ಹಿಂದಲೆಯಲ್ಲಿ ಜಾಗಟೆ. ಯಂತ್ರದಿಂದ ಚಲಿಸುತ್ತಿರುವ ಹಡಗು 2 ನಿಮಿಷಕ್ಕೆ ಮೀರದಂತೆ ಒಮ್ಮೊಮ್ಮೆ ನೀಳವಾಗಿ ಕೊಂಬು ಊದಬೇಕು.

ಹಾಗಾದರೆ ಮಂಜಿನೊಳಗಿಂದ ಕೇಳಿಬಂದ ಗಂಟೆ ಹಡಗಿನದೋ ಬುರುಡೆಯದೋ ಎಂದು ತಿಳಿಯುವುದು ಹೇಗೆಂದು ಓದುಗರು ಕೇಳಬಹುದು. ಉತ್ತರ ಸುಲಭ. ಮನುಷ್ಯ ಬಾರಿಸಿದ ಗಂಟೆಗೆ ಲೆಕ್ಕವಿದೆ, ಕಡಲು ಬಾರಿಸಿದ ಗಂಟೆಗೆ ಲೆಕ್ಕವಿಲ್ಲ. ಒಮ್ಮೆ ಎರಡು ಪೆಟ್ಟು, ಸ್ವಲ್ಪ ಮೌನ, ಒಂದು ಪೆಟ್ಟು, ದೀರ್ಘ ಮೌನ, ಒಡನೆಯೇ ನಾಲ್ಕೈದು ಪೆಟ್ಟು. ತಾಳ ತಪ್ಪಿದ ಈ ನುಡಿತವನ್ನು ಕೇಳಿದ ನಾವಿಕ 'ಇದು ಬುರುಡೆ' ಎಂದು ಹೇಳಬಲ್ಲ. ಮೇಳದಲ್ಲಿ ತಾಳ ತಪ್ಪಿದರೆ ಭಾಗವತರು ಸಿಟ್ಟಾಗುತ್ತಾರೆ. ಕಡಲಿನಲ್ಲಿ ತಾಳ ತಪ್ಪಿದ್ದೇ ಗುರುತಾಗುತ್ತದೆ.

ಮೌನ ಅಭಯವಲ್ಲ

ಇಷ್ಟೆಲ್ಲ ಗುಣವಿದ್ದರೂ ಈ ಗಂಟೆಯಲ್ಲಿ ಒಂದು ದೊಡ್ಡ ಕೊರತೆಯಿದೆ. ಅದನ್ನು ಮರೆಮಾಚುವುದು ಸರಿಯಲ್ಲ. ಮಂಜು ಕವಿಯುವುದು ಹಲವು ಬಾರಿ ಗಾಳಿ ತಗ್ಗಿದಾಗ. ಬೆಚ್ಚನೆಯ ತೇವದ ಗಾಳಿ ತಣ್ಣನೆಯ ನೀರಿನ ಮೇಲೆ ಮೆಲ್ಲನೆ ಹರಿದು ಬಂದಾಗ ಕಡಲಮಂಜು ಹುಟ್ಟುತ್ತದೆ. ಆಗ ಕಡಲೂ ಶಾಂತವಾಗಿದ್ದರೆ ಗಂಟೆ ಬಾರಿಸುವವರು ಯಾರು? ಅತ್ಯಂತ ಬೇಕಾದ ಹೊತ್ತಿನಲ್ಲೇ ಅದು ಸುಮ್ಮನಿದ್ದು ಬಿಡಬಹುದು.

ಗಂಟೆ ನುಡಿದರೂ ಕೇಳಿಸದಿರುವುದು ಇನ್ನೊಂದು ತೊಡಕು. ಜಾನ್ ಟಿಂಡಾಲ್ ಎಂಬ ಪ್ರಸಿದ್ಧ ಭೌತವಿಜ್ಞಾನಿ 1873ರಲ್ಲಿ ಇಂಗ್ಲೆಂಡಿನ ದೀಪಸ್ತಂಭಗಳ ಆಡಳಿತ ಸಂಸ್ಥೆಯಾದ ಟ್ರಿನಿಟಿ ಹೌಸಿಗಾಗಿ ಡೋವರಿನ ಸಮೀಪದ ಸೌತ್ ಫೋರ್‌ಲೆಂಡಿನಲ್ಲಿ ದೀರ್ಘಕಾಲ ಪ್ರಯೋಗ ನಡೆಸಿದರು. ದಡದಲ್ಲಿ ಕೊಂಬು, ಸೀಟಿ, ಫಿರಂಗಿ. ಹಡಗಿನಲ್ಲಿ ಕುಳಿತು ಕೇಳುವವರು. ಮಂಜು ಸದ್ದನ್ನು ನುಂಗುತ್ತದೆ, ಶುಭ್ರ ಹವೆಯಲ್ಲಿ ಸದ್ದು ದೂರ ಹೋಗುತ್ತದೆ ಎಂದು ಅದುವರೆಗೆ ಎಲ್ಲರೂ ನಂಬಿದ್ದರು. ಪ್ರಯೋಗ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ನಿಚ್ಚಳವಾದ, ಬಿಸಿಲಿನ, ಗಾಳಿಯಿಲ್ಲದ ಜುಲೈ ದಿನವೊಂದರಲ್ಲಿ ಸದ್ದು ಎರಡು ಮೂರು ಮೈಲಿಯಾಚೆಗೆ ಕೇಳಿಸಲಿಲ್ಲ. ಮಬ್ಬು ಕವಿದ ದಿನಗಳಲ್ಲಿಯೇ ಅದು ಎಷ್ಟೋ ಪಾಲು ದೂರ ಹೋಯಿತು. ಬಿಸಿ ತಂಪು ಗಾಳಿಯ ಕಣ್ಣಿಗೆ ಕಾಣದ ಪದರಗಳು ಸದ್ದನ್ನು ಹಿಂದಕ್ಕೆ ತಳ್ಳುತ್ತವೆಂದು ಟಿಂಡಾಲ್ ವಿವರಿಸಿದರು. ಅದೇ ಕಾಲದಲ್ಲಿ ಅಮೆರಿಕದ ಜೋಸೆಫ್ ಹೆನ್ರಿ ಗಾಳಿಯ ಬೀಸು ಸದ್ದನ್ನು ಮೇಲಕ್ಕೆ ಬಾಗಿಸುವುದರ ಕಡೆಗೆ ಗಮನ ಸೆಳೆದರು. ಕಾರಣಗಳ ಬಗ್ಗೆ ವಾದವಿದ್ದರೂ ಫಲ ಒಂದೇ: ಸದ್ದು ಮೂಲದ ಸಮೀಪದಲ್ಲೇ ಕೇಳಿಸದೆ, ಇನ್ನೂ ದೂರದಲ್ಲಿ ಸ್ಪಷ್ಟವಾಗಿ ಕೇಳಿಸುವುದೂ ಉಂಟು.

ಈ ಅನುಭವದಿಂದ ಕಡಲಿನವರು ಕಲಿತ ಪಾಠ ಹೀಗಿದೆ. ಗಂಟೆ ಕೇಳಿಸಿತೆಂದರೆ ಅಪಾಯ ಹತ್ತಿರದಲ್ಲಿದೆ ಎಂದು ಖಚಿತ. ಕೇಳಿಸಲಿಲ್ಲವೆಂದರೆ ಅದರಿಂದ ಯಾವುದೂ ಖಚಿತವಲ್ಲ. ಆದ್ದರಿಂದಲೇ ಮಂಜಿನಲ್ಲಿ ಸಿಲುಕಿದ ಚಿಕ್ಕ ಹಡಗಿನವರು ವೇಗ ತಗ್ಗಿಸುತ್ತಾರೆ. ಮುಂದಲೆಗೆ ಒಬ್ಬನನ್ನು ಕಳುಹಿಸುತ್ತಾರೆ, ಎಂಜಿನ್ ನಿಲ್ಲಿಸಿ ಕಿವಿಗೊಡುತ್ತಾರೆ. ಗಂಟೆಯನ್ನೇ ನಂಬಿ ಕಣ್ಣುಮುಚ್ಚಿ ನಡೆಯುವವರು ಅವರಲ್ಲ. ಬಿರುಗಾಳಿಗೆ ಸರಪಳಿ ಕಡಿದು ಬುರುಡೆ ಬೇರೆಲ್ಲಿಗೋ ತೇಲಿ ಹೋಗಿರಬಹುದು. ಅಲ್ಲಿಯೂ ಅದು ತನ್ನ ಪಾಡಿಗೆ ನುಡಿಯುತ್ತಲೇ ಇರುತ್ತದೆ. ತೇಲುವ ಗುರುತೊಂದನ್ನೇ ನೆಚ್ಚಬಾರದೆಂಬುದು ನೌಕಾಯಾನದ ಮೊದಲ ಪಾಠಗಳಲ್ಲಿ ಒಂದು.

ಬುರುಡೆಗಳಿಗೆ ಆಳು ಬೇಡವೆಂದೆವು; ಆರೈಕೆ ಬೇಡವೆಂದಲ್ಲ. ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತದೆ, ಚಿಪ್ಪುಹುಳುಗಳು ಮೆತ್ತಿ ಭಾರ ಹೆಚ್ಚಿಸುತ್ತವೆ. ಎಡೆಬಿಡದ ಅಲುಗಾಟದಿಂದ ಸರಪಳಿಯ ಕೊಂಡಿಗಳು ಸವೆಯುತ್ತವೆ. ಶಾಂತಸಾಗರದ ಕರೆಯಲ್ಲಿ ಕಡಲಸಿಂಹಗಳು ಬುರುಡೆಯನ್ನೇರಿ ಹಾಯಾಗಿ ಬಿಸಿಲು ಕಾಯಿಸುವುದೂ ಉಂಟು! ಆದುದರಿಂದ ಕಾಲಕಾಲಕ್ಕೆ ಕ್ರೇನುಳ್ಳ ಹಡಗು ಬಂದು ಬುರುಡೆಯನ್ನೂ ಸರಪಳಿಯನ್ನೂ ಮೇಲೆತ್ತಿ, ಕೆರೆದು, ಬಣ್ಣ ಬಳಿದು, ಸವೆದ ಕೊಂಡಿ ಬದಲಿಸಿ ಮತ್ತೆ ಇಳಿಸಬೇಕು. ಇದು ಖರ್ಚಿನ ಕೆಲಸ. ಈಗಿನ ತಕರಾರು ಹುಟ್ಟಿರುವುದು ಇಲ್ಲಿಯೇ.

ಗಂಟೆ, ಸೀಟಿಗಳ ಸಂತಾನ

ತಕರಾರಿಗೆ ಬರುವ ಮೊದಲು ಈ ಹಳೆಯ ಸಲಕರಣೆಗಳ ವಂಶವೃಕ್ಷವನ್ನು ಸ್ವಲ್ಪ ನೋಡೋಣ. ಗಾಳಿಯಲ್ಲಿ ಸದ್ದನ್ನು ನಂಬಲಾಗದಿದ್ದರೆ ನೀರಿನಲ್ಲಿ ಕಳುಹಿಸಬಾರದೇಕೆ ಎಂದು ಕೆಲವರು ಯೋಚಿಸಿದರು. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವ ಸದ್ದು ಕಡಲನೀರಿನಲ್ಲಿ ಸುಮಾರು 1,500 ಮೀಟರ್ ಹೋಗುತ್ತದೆ. 1901ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಇದಕ್ಕಾಗಿಯೇ ಒಂದು ಕಂಪೆನಿ ಹುಟ್ಟಿತು. ದೀಪದ ಹಡಗುಗಳ ಕೆಳಗೂ ಬುರುಡೆಗಳ ಕೆಳಗೂ ನೀರಿನೊಳಗೆ ಗಂಟೆ ತೂಗುಹಾಕಿದರು. ಬರುವ ಹಡಗಿನ ಒಡಲಿನ ಎರಡೂ ಬದಿಗೆ ಸದ್ದು ಹಿಡಿಯುವ 'ಕಿವಿ'ಗಳನ್ನಿಟ್ಟು, ಯಾವ ಬದಿಯಲ್ಲಿ ಜೋರಾಗಿ ಕೇಳಿಸುತ್ತದೆಂಬುದರಿಂದ ದಿಕ್ಕನ್ನು ತಿಳಿದರು.

1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಅದೇ ಕಂಪೆನಿಗಾಗಿ ರೆಜಿನಾಲ್ಡ್ ಫೆಸೆಂಡೆನ್ ಎಂಬ ಸಂಶೋಧಕರು ಇನ್ನೂ ಬಲವಾದ ಸದ್ದು ಹೊರಡಿಸುವ ಉಪಕರಣ ತಯಾರಿಸಿದರು. 1914ರ ಏಪ್ರಿಲ್‌ನಲ್ಲಿ 'ಮಯಾಮಿ' ಎಂಬ ಹಡಗಿನಿಂದ ಸದ್ದು ಕಳುಹಿಸಿ, ಸುಮಾರು ಎರಡು ಮೈಲಿ ದೂರದ ಮಂಜುಗಡ್ಡೆಯಿಂದ ಮರುದನಿ ಪಡೆದರು. ಕಡಲ ತಳದಿಂದಲೂ ಮರುದನಿ ಬಂತು. ಇಂದು ನಮ್ಮ ಕರಾವಳಿಯ ಯಂತ್ರದೋಣಿಗಳಲ್ಲಿ ನೀರಿನ ಆಳವನ್ನೂ ಮೀನಿನ ಹಿಂಡನ್ನೂ ತೋರಿಸುವ ಪೆಟ್ಟಿಗೆ ಇದೆಯಲ್ಲ, ಅದರ ಅಜ್ಜ ಈ ನೀರೊಳಗಿನ ಗಂಟೆ.

ಸೀಟಿ ಬುರುಡೆಯ ಸಂತಾನ ಇನ್ನೂ ಹತ್ತಿರದಲ್ಲಿದೆ. ಅಲೆ ಒತ್ತಿದ ಗಾಳಿಯಿಂದ ಸೀಟಿ ಊದಿಸಬಹುದಾದರೆ ಚಕ್ರ ತಿರುಗಿಸಿ ವಿದ್ಯುತ್ತು ತೆಗೆಯಬಾರದೇಕೆ? ಜಪಾನಿನ ಯೋಶಿಯೋ ಮಸುದಾ ಇದನ್ನು ಸಾಧಿಸಿದರು. ಅವರ ಉಪಕರಣದಿಂದ ತಮ್ಮ ದೀಪಕ್ಕೆ ತಾವೇ ವಿದ್ಯುತ್ತು ಮಾಡಿಕೊಳ್ಳುವ ಬುರುಡೆಗಳು 1960ರ ದಶಕದಲ್ಲಿ ಜಪಾನಿನ ಕಡಲಿಗೆ ಇಳಿದವು. ನಮ್ಮ ದೇಶದಲ್ಲಿ ಮದರಾಸಿನ ಐಐಟಿಯ ತಜ್ಞರು 1980ರ ದಶಕದಲ್ಲಿ ಇದೇ ತತ್ತ್ವದ ಮೇಲೆ ಕೆಲಸ ಆರಂಭಿಸಿ, 1991ರಲ್ಲಿ ನಮ್ಮ ಕೇರಳದ ವಿಳಿಂಜದಲ್ಲಿ 150 ಕಿಲೋವ್ಯಾಟ್ ಸಾಮರ್ಥ್ಯದ ಅಲೆವಿದ್ಯುತ್ ಸ್ಥಾವರವನ್ನು ನಡೆಸಿ ತೋರಿಸಿದರು. ಕಾಂಕ್ರೀಟಿನ ದೊಡ್ಡ ಕೋಣೆ, ಕೆಳಗೆ ತೆರೆದ ಬಾಯಿ, ಒಳಗೆ ಏರಿಳಿಯುವ ನೀರು, ಮೇಲೆ ಗಾಳಿಯ ಚಕ್ರ. ಕೋರ್ಟ್ನಿಯ ಬುರುಡೆಯಲ್ಲಿ ನೀರು ನಿಂತು ಬುರುಡೆ ಕುಣಿಯಿತು. ವಿಳಿಂಜದಲ್ಲಿ ಕೋಣೆ ನಿಂತು ನೀರು ಕುಣಿಯಿತು. ವ್ಯತ್ಯಾಸ ಅಷ್ಟೇ. ಪ್ರಯೋಗಕ್ಕೆಂದು ಕಟ್ಟಿದ ಆ ಸ್ಥಾವರ ಈಗ ನಡೆಯುತ್ತಿಲ್ಲ. ವಿಳಿಂಜದ ಹೆಸರು ಇಂದು ಹೊಸ ಬಂದರಿನಿಂದ ಎಲ್ಲರ ಬಾಯಲ್ಲಿದೆ. ಸೀಟಿ ಬುರುಡೆಯ ಈ ಮೊಮ್ಮಗನನ್ನು ನೆನೆಯುವವರು ಕಡಿಮೆ.

ಪರದೆಯೊಂದೇ ಸಾಕೇ?

ಈಗ ತಕರಾರಿನ ವಿಷಯ. ಅಮೆರಿಕದ ಈಶಾನ್ಯ ಕರಾವಳಿ, ಅದರಲ್ಲಿಯೂ ಮೇಯ್ನ್ ರಾಜ್ಯದ ತೀರ, ಬಂಡೆಗಳಿಗೂ ಮಂಜಿಗೂ ಹೆಸರಾದುದು. ಗಂಟೆ, ಜಾಗಟೆ, ಸೀಟಿ ಬುರುಡೆಗಳು ಅಲ್ಲಿ ಬಹಳ. 2025ರ ಏಪ್ರಿಲ್‌ನಲ್ಲಿ ಅಲ್ಲಿನ ಕರಾವಳಿ ಕಾವಲು ಪಡೆ ಮೇಯ್ನ್‌ನಿಂದ ನ್ಯೂಜೆರ್ಸಿಯವರೆಗಿನ ಸುಮಾರು 350 ಬುರುಡೆಗಳನ್ನು ತೆಗೆದುಹಾಕುವ ಪ್ರಸ್ತಾಪ ಮಾಡಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಪಡೆಯ ವಾದದಲ್ಲಿಯೂ ಹುರುಳಿಲ್ಲದಿಲ್ಲ. ಆ ಬುರುಡೆಗಳಲ್ಲಿ ಬಹಳಷ್ಟನ್ನು ಇಟ್ಟದ್ದು ಉಪಗ್ರಹದ ನೆರವು ಇಲ್ಲದ ಕಾಲದಲ್ಲಿ. ಈಗ ಹಡಗಿನ ಮುಂದೆ ಪರದೆಯಿದೆ, ನಕ್ಷೆಯ ಮೇಲೆ ತಾನೆಲ್ಲಿರುವೆನೆಂದು ಕೆಲವೇ ಮೀಟರುಗಳ ಅಂತರದಲ್ಲಿ ತಿಳಿಯುತ್ತದೆ, ರಾಡಾರ್ ಇದೆ. ಇರುವ ಹಣವನ್ನು ಹೆಚ್ಚು ಮುಖ್ಯವಾದ ಗುರುತುಗಳ ಮೇಲೆ ಖರ್ಚು ಮಾಡುವುದು ಲೇಸಲ್ಲವೇ?

ಆದರೆ ಆ ತೀರದ ಮೀನುಗಾರರೂ ದೋಣಿಯವರೂ ಬಂದರಿನವರೂ ಸುಮ್ಮನಿರಲಿಲ್ಲ. ಪರದೆ ಕೆಡುತ್ತದೆ, ಬ್ಯಾಟರಿ ಮುಗಿಯುತ್ತದೆ, ಚಿಕ್ಕ ದೋಣಿಯವರೆಲ್ಲರ ಬಳಿ ಅದು ಇರುವುದೂ ಇಲ್ಲ, ಇದ್ದರೂ ಕಣ್ಣಾರೆ ಕಿವಿಯಾರೆ ತಾಳೆ ನೋಡಲು ಇನ್ನೊಂದು ಸಾಕ್ಷಿ ಬೇಕು ಎಂದು ಅವರು ವಾದಿಸಿದರು. ದೀಪಸ್ತಂಭಗಳ ಮಂಜುಕೊಂಬುಗಳಿಗೆ ಸಂಬಂಧಿಸಿದ ಒಂದು ಬದಲಾವಣೆಯನ್ನು ಅವರು ಅದಾಗಲೇ ಕಂಡಿದ್ದರು. ಅಲ್ಲಿ ಈಗ ಹಲವು ಕೊಂಬುಗಳು ತಾವಾಗಿ ಊದುವುದಿಲ್ಲ. ದೋಣಿಯವನು ತನ್ನ ರೇಡಿಯೋದ ಗುಂಡಿಯನ್ನು ಐದು ಬಾರಿ ಒತ್ತಿದರೆ ಮಾತ್ರ ಊದುತ್ತವೆ. ರೇಡಿಯೋ ಇಲ್ಲದವನಿಗೆ, ಕೆಟ್ಟವನಿಗೆ, ಒತ್ತಬೇಕೆಂದು ತಿಳಿಯದವನಿಗೆ ಆ ಕೊಂಬು ಇದ್ದೂ ಇಲ್ಲದಂತೆ. ಕಡಲು ಬಾರಿಸುವ ಗಂಟೆಗೆ ಇಂಥ ಷರತ್ತುಗಳಿಲ್ಲ.

ಎಲ್ಲ ಸಲಕರಣೆಗಳಿದ್ದೂ ಹಡಗುಗಳು ಎಡವುತ್ತವೆಂಬುದಕ್ಕೆ ನಿದರ್ಶನ ಬೇಕಾಗಿಲ್ಲ. 2002ರ ಡಿಸೆಂಬರ್ 14ರಂದು ಇಂಗ್ಲಿಷ್ ಕಡಲ್ಗಾಲುವೆಯ ಬಳಿ, ಸುಮಾರು 3,000 ಕಾರುಗಳನ್ನು ಹೊತ್ತ 'ಟ್ರೈಕಲರ್' ಎಂಬ ಹಡಗು ಡಿಕ್ಕಿಯಿಂದ ಮುಳುಗಿತು. ಎರಡೇ ದಿನಗಳ ಬಳಿಕ, ಕಾವಲು ಹಡಗುಗಳಿದ್ದರೂ 'ನಿಕೋಲಾ' ಎಂಬ ಹಡಗು ಆ ಅವಶೇಷಕ್ಕೆ ಬಡಿಯಿತು. ಗುರುತುಗಳನ್ನು ಹೆಚ್ಚಿಸಿದ ಮೇಲೂ 2003ರ ಜನವರಿ 1ರಂದು 'ವಿಕಿ' ಎಂಬ ತೈಲದ ಹಡಗು ಅಲ್ಲಿಗೇ ಬಂದು ಬಡಿಯಿತು. ಈ ಅನುಭವದಿಂದಲೇ, ಹೊಸದಾಗಿ ಮುಳುಗಿದ ಹಡಗನ್ನು ತೋರಿಸಲು ನೀಲಿ ಹಳದಿ ಪಟ್ಟೆಯ ತುರ್ತು ಬುರುಡೆಯ ಪದ್ಧತಿ ಬಂತು. ಪರದೆಯ ಯುಗದಲ್ಲಿ ಹೊಸ ಬುರುಡೆಯೊಂದು ಹುಟ್ಟಿತೆಂಬುದನ್ನು ಗಮನಿಸಬೇಕು.

ಉಪಗ್ರಹದ ಸಂಕೇತವನ್ನೇ ಕೆಡಿಸುವ ಪಿಡುಗು ಇತ್ತೀಚಿನದು. ಯುದ್ಧದ ಆಸುಪಾಸಿನಲ್ಲಿ ಸುಳ್ಳು ಸಂಕೇತ ಬಿಟ್ಟು ಹಡಗನ್ನು ಇರುವಲ್ಲಿ ಇಲ್ಲದಂತೆ ತೋರಿಸುತ್ತಾರೆ. 2025ರ ಮೇ 10ರಂದು ಕೆಂಪು ಸಮುದ್ರದಲ್ಲಿ, ಜೆಡ್ಡಾದ ಸಮೀಪ 'ಎಂಎಸ್‌ಸಿ ಆಂಟೋನಿಯಾ' ಎಂಬ ಕಂಟೈನರ್ ಹಡಗು ನೆಲಕ್ಕೆ ತಾಗಿ ನಿಂತಾಗ ಕಡಲ ತಜ್ಞರು ಇಂಥ ಕೈವಾಡವನ್ನೇ ಶಂಕಿಸಿದರು. ಉಪಗ್ರಹಕ್ಕೆ ಸುಳ್ಳು ಹೇಳಿಸಬಹುದು. ಬಂಡೆಯ ಪಕ್ಕದ ಗಂಟೆಗೆ ದೂರದಲ್ಲಿ ಕುಳಿತು ಸುಳ್ಳು ಹೇಳಿಸುವುದು ಸಾಧ್ಯವಿಲ್ಲ.

ನಮ್ಮ ಕಡಲಿನ ಮಾತು

ನಮ್ಮ ಕರಾವಳಿಯಲ್ಲಿ ಮೇಯ್ನ್ ತೀರದಂಥ ದಟ್ಟ ಕಡಲಮಂಜು ಅಪರೂಪ. ನಮ್ಮ ಬಂದರುಗಳ ಬುರುಡೆಗಳು ಮುಖ್ಯವಾಗಿ ಬಣ್ಣದಿಂದ, ಬೆಳಕಿನಿಂದ ಮಾತನಾಡುತ್ತವೆ. 1980ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದಂತೆ ನಮ್ಮಲ್ಲಿ ಬಂದರಿಗೆ ಬರುವ ಹಡಗು ಕೆಂಪು ಬುರುಡೆಯನ್ನು ಎಡಕ್ಕೂ ಹಸಿರನ್ನು ಬಲಕ್ಕೂ ಇಟ್ಟುಕೊಳ್ಳಬೇಕು. ಅಮೆರಿಕ, ಜಪಾನ್ ಮುಂತಾದೆಡೆ ಇದು ತಿರುಗುಮುರುಗು. ಆದರೆ ಮಳೆಗಾಲದ ಜಡಿಮಳೆ ಬಂದು ಕಡಲೂ ಆಕಾಶವೂ ಒಂದಾದಾಗ ಬಣ್ಣ, ಬೆಳಕುಗಳ ಗತಿಯೇನೆಂದು ಅಳಿವೆ ಬಾಗಿಲು ದಾಟುವ ನಮ್ಮ ಮೀನುಗಾರರಿಗೆ ಹೇಳಿಕೊಡಬೇಕಾಗಿಲ್ಲ. 2025ರ ಮೇ 25ರಂದು 640 ಕಂಟೈನರುಗಳಿದ್ದ 'ಎಂಎಸ್‌ಸಿ ಎಲ್ಸಾ 3' ಕೊಚ್ಚಿಯ ಆಚೆಗೆ ಮುಳುಗಿತು. ಹಡಗಿನ 24 ಮಂದಿಯೂ ಬದುಕಿ ಬಂದರೆಂಬುದು ಸಮಾಧಾನ. ಆದರೆ ಅಂದಿನವರೆಗೆ ಏನೂ ಇಲ್ಲದ ಕಡೆ ಒಂದೇ ದಿನದಲ್ಲಿ ಹೊಸ ಮುಳುಗುಬಂಡೆ ಹುಟ್ಟಿಕೊಂಡಂತಾಯಿತು.

ನಮ್ಮ ಕಡಲಿಗೂ ನಾಳೆಯೇ ಗಂಟೆ ಕಟ್ಟಬೇಕೆಂಬುದು ನಮ್ಮ ವಾದವಲ್ಲ. ಎಲ್ಲಿ ಯಾವ ಗುರುತು ಬೇಕೆಂದು ತಜ್ಞರು ನಿರ್ಧರಿಸಲಿ. ಹೊಸತು ಬಂತೆಂದು ಹಳೆಯದನ್ನು ಕಿತ್ತುಹಾಕುವ ಮೊದಲು, ಆ ಹಳೆಯದು ಯಾರ ಪಾಲಿಗೆ ಕೊನೆಯ ಆಸರೆಯಾಗಿತ್ತೆಂದು ಕೇಳಬೇಕೆಂಬುದಷ್ಟೇ ನಮ್ಮ ಮಾತು. ದೊಡ್ಡ ಹಡಗಿನಲ್ಲಿ ಒಂದು ಕೆಟ್ಟರೆ ಇನ್ನೊಂದು ಪರದೆಯಿದೆ. ನಾಲ್ಕಾಳಿನ ದೋಣಿಯಲ್ಲಿ ಏನಿದೆ?

ಇನ್ನೊಂದು ಗುಣವನ್ನು ಈ ಗಡಿನಾಡಿನಲ್ಲಿ ಕುಳಿತು ಬರೆಯುವ ನಾವು ಹೇಳದಿರಲಾರೆವು. ಫಲಕ ಯಾವ ಭಾಷೆಯಲ್ಲಿರಬೇಕು, ಸುತ್ತೋಲೆ ಯಾವ ಭಾಷೆಯಲ್ಲಿ ಬರಬೇಕು ಎಂದು ವರ್ಷಗಳಿಂದ ಅರ್ಜಿ ಬರೆಯುತ್ತ ಬಂದವರು ನಾವು. ಕಡಲ ಗಂಟೆಗೆ ಆ ತೊಂದರೆಯಿಲ್ಲ. ಮಲಯಾಳದವನಿಗೂ ತುಳುವನಿಗೂ ಕನ್ನಡದವನಿಗೂ, ದೂರದ ಬಂಗಾಳದಿಂದ ದೋಣಿಯ ಕೆಲಸಕ್ಕೆ ಬಂದ ಹುಡುಗನಿಗೂ ಅದು ಹೇಳುವುದು ಒಂದೇ ಮಾತು. ಓದು ಬಾರದವನಿಗೂ ಅದು ತಿಳಿಯುತ್ತದೆ.

ಆ ಮಾತು ಕೇಳಿಸಿದರೆ ಚುಕ್ಕಾಣಿ ತಿರುಗಿಸಬೇಕು. ಕೇಳಿಸದಿದ್ದರೆ ವೇಗ ತಗ್ಗಿಸಿ, ಇನ್ನೊಮ್ಮೆ ಕಿವಿಗೊಡಬೇಕು.